ಮಡಿಕೇರಿಯಿಂದ ವಿರಾಜಪೇಟೆಗೆ ಅರ್ಧ ದಿನ: ಮೂರ್ನಾಡಿನಲ್ಲಿ ಬಲಕ್ಕೆ ತಿರುಗಿ

ಪ್ರಶ್ನೆ: ನಾವು ಹಾಸನದವರು. ನವೆಂಬರ್ ಎರಡನೇ ವಾರ ಮಡಿಕೇರಿಯಲ್ಲಿ ಎರಡು ರಾತ್ರಿ ಉಳಿಯುತ್ತೇವೆ. ನಡುವಿನ ದಿನ ಮಧ್ಯಾಹ್ನ ಒಂದೂವರೆಗೆ ವಿರಾಜಪೇಟೆಯಲ್ಲಿ ನೆಂಟರ ಮನೆಯಲ್ಲಿ ಊಟ. ಬೆಳಗಿನ ಹೊತ್ತು ಪೂರ್ತಿ ನಮ್ಮದೇ. ಫೋನಿನ ನಕ್ಷೆ ನೋಡಿದರೆ ನೇರ ದಾರಿ ಒಂದು ಗಂಟೆಯದು. ಹಾಗಾಗಿ ಹೋಗುವಾಗಲೇ ತಲಕಾವೇರಿ, ನಾಲ್ಕುನಾಡು ಅರಮನೆ, ಚೆಲಾವರ ಜಲಪಾತ, ಸಾಧ್ಯವಾದರೆ ದುಬಾರೆ ಆನೆ ಶಿಬಿರವನ್ನೂ ಮುಗಿಸಬಹುದೇ? ಸಣ್ಣ ಕಾರು, ಐದು ಜನ. ಅಪ್ಪನಿಗೆ ಮಂಡಿ ನೋವು, ಎಂಟು ವರ್ಷದ ಮಗಳಿಗೆ ತಿರುವಿನ ರಸ್ತೆಯಲ್ಲಿ ವಾಂತಿ ಬರುತ್ತದೆ. ಘಟ್ಟದಲ್ಲಿ ನಾನು ಹೆಚ್ಚು ಗಾಡಿ ಓಡಿಸಿಲ್ಲ.

ಉತ್ತರ: ನಾಲ್ಕೂ ಆಗುವುದಿಲ್ಲ. ತಲಕಾವೇರಿ ಮತ್ತು ದುಬಾರೆಯನ್ನು ಈ ದಿನದ ಲೆಕ್ಕದಿಂದ ತೆಗೆದುಹಾಕಿ. ಉಳಿದ ಎರಡರಲ್ಲಿ ಒಂದನ್ನು ಸಾವಕಾಶವಾಗಿ ನೋಡಿ, ಇನ್ನೊಂದನ್ನು ಹೊತ್ತು ಉಳಿದರೆ ಮಾತ್ರ ನೋಡಿ. ಕೊಡಗಿಗೆ ಬರುವವರಿಗೆ ನಾನು ಯಾವತ್ತೂ ಹೇಳುವುದು ಇಷ್ಟೇ: ಅರ್ಧ ದಿನಕ್ಕೆ ಒಂದು ದೊಡ್ಡ ನಿಲುಗಡೆ ಸಾಕು, ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ.

ಲೆಕ್ಕ ಹಾಕಿ ನೋಡೋಣ. ಮಡಿಕೇರಿಯಿಂದ ತಲಕಾವೇರಿಗೆ ಹತ್ತಿರ ಹತ್ತಿರ 44 ಕಿಲೋಮೀಟರ್. ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ದಾಟಿ ಭಾಗಮಂಡಲ, ಅಲ್ಲಿಂದ ಮೇಲಕ್ಕೆ ಇನ್ನೂ ಎಂಟು ಕಿಲೋಮೀಟರ್ ಏರು. ನಿಮ್ಮಂತೆ ಘಟ್ಟದ ಅಭ್ಯಾಸ ಇಲ್ಲದವರಿಗೆ ಒಂದೂವರೆ ಗಂಟೆ ಬೇಕು. ಅಲ್ಲಿ ಮೆಟ್ಟಿಲು ಹತ್ತಿ ಇಳಿದು ದರ್ಶನ ಮುಗಿಸುವಾಗ ಮತ್ತೊಂದು ಗಂಟೆ. ಭಾಗಮಂಡಲದಿಂದ ಅಯ್ಯಂಗೇರಿ, ನಾಪೋಕ್ಲು ಮೇಲೆ ವಿರಾಜಪೇಟೆಗೆ ಬರುವುದಕ್ಕೆ ಎರಡು ಗಂಟೆ. ಒಟ್ಟು ನಾಲ್ಕೂವರೆ ಗಂಟೆ ಇಲ್ಲಿಗೇ ಮುಗಿಯಿತು. ಅದರಲ್ಲಿ ಮೂರೂವರೆ ಗಂಟೆ ನಿಮ್ಮ ಮಗಳು ಕಾರಿನೊಳಗೇ ಇರಬೇಕು. ತಲಕಾವೇರಿಗೆ ಹೋಗುವುದಾದರೆ ಅದಕ್ಕೆಂದೇ ಒಂದು ಬೆಳಗ್ಗೆ ಇಡಿ. ಕಾವೇರಿ ಹುಟ್ಟುವ ಜಾಗವನ್ನು ಗಡಿಯಾರ ನೋಡುತ್ತಾ ನೋಡಬಾರದು ಅನ್ನುವುದು ನನ್ನ ಅಭಿಪ್ರಾಯ. ದುಬಾರೆಯಂತೂ ಬೇರೆಯೇ ದಿಕ್ಕು. ಅದು ಕುಶಾಲನಗರ ಮತ್ತು ಸಿದ್ದಾಪುರದ ನಡುವೆ, ಹೊಳೆಯ ಆಚೆ ದಡದಲ್ಲಿದೆ. ಹಾಸನದಿಂದ ಬರುವಾಗಲೋ ಹಿಂದಿರುಗುವಾಗಲೋ ಕುಶಾಲನಗರದ ಕಡೆಯಿಂದ ಹೋಗಿಬರುವುದು ಸುಲಭ.

ಈಗ ದಾರಿಯ ವಿಷಯ. ಮಡಿಕೇರಿಯಿಂದ ವಿರಾಜಪೇಟೆಗೆ ನೇರ ದಾರಿ ಮೇಕೇರಿ, ಮೂರ್ನಾಡು, ಬೇತ್ರಿ, ಕಾಕೋಟುಪರಂಬು ಮೇಲೆ ಹೋಗುತ್ತದೆ. ಸುಮಾರು 33 ಕಿಲೋಮೀಟರ್. ಫೋನು ಹೇಳಿದ ಒಂದು ಗಂಟೆ ಈ ದಾರಿಯದು, ಅದು ಸರಿಯೇ. ಚೆನ್ನಾದ ದಾರಿ. ಬೇತ್ರಿಯಲ್ಲಿ ಕಾವೇರಿಯ ಸೇತುವೆ ದಾಟುತ್ತೀರಿ. ಆದರೆ ನಿಮ್ಮ ಕೈಯಲ್ಲಿ ಆರು ಗಂಟೆ ಇದೆ. ಹೋಗುವಾಗ ಸುತ್ತು ದಾರಿ ಹಿಡಿಯಿರಿ, ಸಂಜೆ ಬರುವಾಗ ಈ ನೇರ ದಾರಿ.

ಸುತ್ತು ದಾರಿ ಹೀಗೆ: ಮೂರ್ನಾಡಿನಲ್ಲಿ ಬಲಕ್ಕೆ ತಿರುಗಿ ನಾಪೋಕ್ಲು, ಅಲ್ಲಿಂದ ಕಕ್ಕಬ್ಬೆ, ಕೈಕಂಬ, ಚೆಯ್ಯಂಡಾಣೆ, ಕಡಂಗ, ಆಮೇಲೆ ವಿರಾಜಪೇಟೆ. ಒಟ್ಟು ಅರವತ್ತು ಅರವತ್ತೈದು ಕಿಲೋಮೀಟರ್. ಎಲ್ಲೂ ನಿಲ್ಲದೆ ಹೋದರೆ ಎರಡೂಕಾಲು ಗಂಟೆ. ಬಯಲುಸೀಮೆಯಲ್ಲಿ ಇಷ್ಟು ದೂರಕ್ಕೆ ಒಂದು ಗಂಟೆ ಸಾಕಾಗಬಹುದು. ಇಲ್ಲಿ ಗಂಟೆಗೆ 25ರಿಂದ 30 ಕಿಲೋಮೀಟರ್ ಎಂದೇ ಹಿಡಿಯಿರಿ. ರಸ್ತೆ ಕೆಟ್ಟಿದೆ ಎಂದಲ್ಲ. ತಿರುವು ಬಿಟ್ಟು ತಿರುವು, ಎದುರಿನಿಂದ ಬಸ್ಸು ಬಂದರೆ ಒಬ್ಬರು ಅಂಚಿಗೆ ಸರಿದು ನಿಲ್ಲಬೇಕಾದ ಅಗಲ.

ಈ ದಾರಿಯನ್ನೇ ಯಾಕೆ ಹೇಳುತ್ತೇನೆಂದರೆ, ಇದರಲ್ಲಿ ಕೊಡಗು ಪೂರ್ತಿ ಇದೆ. ಮೂರ್ನಾಡಿನವರೆಗೆ ಕಾಫಿ ತೋಟ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ನಾಪೋಕ್ಲಿನ ಹತ್ತಿರ ಬಂದಂತೆ ನೆಲ ಅಗಲವಾಗಿ ಹೊಳೆಬದಿಯ ಗದ್ದೆಗಳು ತೆರೆದುಕೊಳ್ಳುತ್ತವೆ. ನವೆಂಬರಿನಲ್ಲಿ ಭತ್ತ ತೆನೆ ಬಾಗಿ ಹಳದಿಗೆ ತಿರುಗಿರುತ್ತದೆ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯಲು ಊರೆಲ್ಲ ಕಾಯುತ್ತಿರುತ್ತದೆ. ತೋಟಗಳಲ್ಲಿ ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತು. ಕಕ್ಕಬ್ಬೆಗೆ ಬರುವಾಗ ತಡಿಯಂಡಮೋಳ್ ಎದುರಿಗೆ ನಿಂತಿರುತ್ತದೆ. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಅದನ್ನು ಹತ್ತುವ ಯೋಚನೆ ಈ ಸಲ ಬೇಡ, ಹತ್ತಿ ಇಳಿಯುವುದಕ್ಕೇ ಒಂದು ದಿನವನ್ನು ಬೇರೆ ಇಡಬೇಕು.

ಏಳೂವರೆಗೆ ಮಡಿಕೇರಿ ಬಿಡಿ. ಅದಕ್ಕಿಂತ ಮೊದಲು ಹೊರಟರೆ ಮಂಜಿನಲ್ಲಿ ತಡಕಾಡಬೇಕಾಗಬಹುದು. ತೀರಾ ತಡವಾದರೆ ಮುಂದಿನ ಎಲ್ಲ ಲೆಕ್ಕ ಕೆಡುತ್ತದೆ. ಏಳೂವರೆಯಿಂದ ಎಂಟೂವರೆಯವರೆಗೆ ತೋಟದ ಕೆಲಸಗಾರರನ್ನು ಕರೆದೊಯ್ಯುವ ಜೀಪು, ಪಿಕಪ್‌ಗಳೂ ಶಾಲೆಯ ಬಸ್ಸುಗಳೂ ರಸ್ತೆಯಲ್ಲಿರುತ್ತವೆ, ಅವರಿಗೆ ಅವಸರ ಇರುತ್ತದೆ. ಹಿಂದಿನಿಂದ ಬಂದವರಿಗೆ ಅಗಲ ಸಿಕ್ಕ ಕಡೆ ಸೈಡ್ ಕೊಟ್ಟುಬಿಡಿ. ಇಲ್ಲಿನ ಖಾಸಗಿ ಬಸ್ಸಿನ ಚಾಲಕರಿಗೆ ಪ್ರತಿ ತಿರುವೂ ಗೊತ್ತು. ಅವರ ಮುಂದೆ ಓಡುವುದಕ್ಕಿಂತ ಅವರ ಹಿಂದೆ ಹೋಗುವುದು ಹೊಸಬರಿಗೆ ಎಷ್ಟೋ ನೆಮ್ಮದಿ.

ಮೂರ್ನಾಡಿಗೆ ಎಂಟರ ಸುಮಾರಿಗೆ ಬರುತ್ತೀರಿ. ಇಡೀ ದಿನದ ತೀರ್ಮಾನ ಮಾಡಬೇಕಾದ ಜಾಗ ಇದು. ಕಾರು ಪಕ್ಕಕ್ಕೆ ನಿಲ್ಲಿಸಿ ಐದು ನಿಮಿಷ ಯೋಚಿಸಿ. ಮಳೆ ಹಿಡಿದಿದೆಯೇ, ಮಗಳಿಗೆ ಈಗಾಗಲೇ ಹೊಟ್ಟೆ ತೊಳಸುತ್ತಿದೆಯೇ, ಮಡಿಕೇರಿ ಬಿಡುವಾಗಲೇ ಒಂಬತ್ತಾಗಿತ್ತೇ? ಯಾವುದಾದರೂ ಒಂದಕ್ಕೆ ಹೌದು ಎಂದಾದರೆ ನೇರ ವಿರಾಜಪೇಟೆ ದಾರಿ ಹಿಡಿಯಿರಿ, ಬೇಸರಪಡಬೇಡಿ. ಇಲ್ಲವಾದರೆ ಬಲಕ್ಕೆ. ಇದಾದ ಮೇಲೆ ಕಕ್ಕಬ್ಬೆಯವರೆಗೂ ಮನಸ್ಸು ಬದಲಿಸಿ ಪ್ರಯೋಜನ ಇಲ್ಲ.

ನಾಪೋಕ್ಲಿನಲ್ಲಿ ಕಾಫಿ ಕುಡಿಯಲು ನಿಲ್ಲಬಹುದು. ಕೊಡವ ಕುಟುಂಬಗಳ ಹಾಕಿ ಹಬ್ಬದ ಬಗ್ಗೆ ನಿಮ್ಮ ತಂದೆಯವರು ಕೇಳಿರಬಹುದು. 1997ರಲ್ಲಿ ಮುಂದೆ ನೀವು ಹಾದುಹೋಗುವ ಕಡಂಗದ ಪಕ್ಕದ ಕರಡದಲ್ಲಿ ಶುರುವಾದ ಹಬ್ಬ ಅದು, ನಾಪೋಕ್ಲಿನ ಮೈದಾನದಲ್ಲೂ ನಡೆದಿದೆ. ವರ್ಷಕ್ಕೊಂದು ಕುಟುಂಬ ಅದರ ಹೊಣೆ ಹೊರುತ್ತದೆ, ಒಂದೇ ಮನೆತನದ ಹುಡುಗರೂ ಹೆಂಗಸರೂ ಹಿರಿಯರೂ ಒಂದೇ ತಂಡದಲ್ಲಿ ಆಡುತ್ತಾರೆ. ಬೇಸಿಗೆಯಲ್ಲಿ ಬಂದರೆ ನೋಡಿಯೇ ಹೋಗಿ.

ಕಕ್ಕಬ್ಬೆಗೆ ಒಂಬತ್ತೂಕಾಲರ ಹೊತ್ತಿಗೆ. ಇಲ್ಲಿಂದ ಪಾಡಿ ಇಗ್ಗುತಪ್ಪ ದೇವಸ್ಥಾನ ಹತ್ತಿರ. ಮಳೆಗೆ, ಬೆಳೆಗೆ ಕೊಡವರು ಮೊರೆಹೋಗುವ ದೇವರು ಇಗ್ಗುತಪ್ಪ. ಪುತ್ತರಿಯ ದಿನ, ಕದಿರು ತೆಗೆಯುವ ಮುಹೂರ್ತ ಇಲ್ಲೇ ನಿಶ್ಚಯವಾಗುವುದು. ನಿಮ್ಮ ತಾಯಿಯವರಿಗೆ ದೇವಸ್ಥಾನದಲ್ಲಿ ಕೂರುವ ಆಸೆ ಇದ್ದರೆ ಮುಕ್ಕಾಲು ಗಂಟೆ ಕೊಡಿ. ಬೆಳಿಗ್ಗೆಯೇ ಹೋಗುವುದು ಒಳ್ಳೆಯದು, ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತದೆ.

ಆಮೇಲೆ ಕೈಕಂಬದಲ್ಲಿ ಮುಖ್ಯ ರಸ್ತೆ ಬಿಟ್ಟು ನಾಲ್ಕುನಾಡು ಅರಮನೆ. ನಿಮ್ಮ ದೊಡ್ಡ ನಿಲುಗಡೆ ಇದೇ ಆಗಲಿ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಿಂದ 1794ರ ಅವಧಿಯಲ್ಲಿ ಕಟ್ಟಿಸಿದ್ದು. ಅರಮನೆ ಎಂದರೆ ಮೈಸೂರಿನದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಇದು ಎರಡು ಅಂತಸ್ತಿನ, ಮರದ ಕೆತ್ತನೆಯ ಕಂಬಗಳ, ಗೋಡೆಗೆ ಚಿತ್ರ ಬರೆದ ಒಂದು ದೊಡ್ಡ ಮನೆ. ಮುಂದೆ ಸಣ್ಣ ಮಂಟಪ. ಬೆಟ್ಟದ ಬುಡದಲ್ಲಿ ಕಾಡಿಗೆ ಬೆನ್ನು ಕೊಟ್ಟು ಕಟ್ಟಿದ್ದಕ್ಕೆ ಕಾರಣ ಇದೆ: ಟಿಪ್ಪುವಿನ ಜೊತೆ ಹೋರಾಟ ನಡೆದ ಕಾಲ, ರಾಜನಿಗೆ ಕೋಟೆಗಿಂತ ದುರ್ಗಮವಾದ ನೆಲೆ ಬೇಕಿತ್ತು. 1834ರಲ್ಲಿ ಬ್ರಿಟಿಷರ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಇಲ್ಲಿಗೇ. ಅದೇ ವರ್ಷ ಕೊಡಗು ಬ್ರಿಟಿಷರ ಕೈಸೇರಿತು. ಕತ್ತಲೆಯ ಒಳಕೋಣೆಗಳನ್ನು ಮಗಳಿಗೆ ತೋರಿಸಿ, ಶತ್ರು ಬಂದರೆ ರಾಜ ಎಲ್ಲಿಂದ ನೋಡುತ್ತಿದ್ದ, ಎಲ್ಲಿ ಅಡಗುತ್ತಿದ್ದ ಎಂದು ಅವಳೇ ಹುಡುಕಲಿ. ಆ ವಯಸ್ಸಿನ ಮಕ್ಕಳಿಗೆ ಜಲಪಾತಕ್ಕಿಂತ ಇದು ನೆನಪಿನಲ್ಲಿ ಉಳಿಯುತ್ತದೆ.

ಅರಮನೆಯ ದಾರಿಯ ಬಗ್ಗೆ ಒಂದು ಮಾತು. ಮುಖ್ಯ ರಸ್ತೆ ಬಿಟ್ಟ ಮೇಲೆ ಕಿರಿದಾದ ಏರು. ಐದು ಜನ ಕೂತ ಸಣ್ಣ ಕಾರು ಎರಡನೇ ಗೇರಿನಲ್ಲಿ ಉಸಿರುಗಟ್ಟಿದರೆ ಒತ್ತಾಯಿಸಬೇಡಿ, ಮೊದಲನೆಯದಕ್ಕೆ ಬನ್ನಿ. ಹೇಗೂ ರಾತ್ರಿ ಮಡಿಕೇರಿಗೇ ಮರಳುವವರು, ಲಗೇಜು ಅಲ್ಲೇ ಬಿಟ್ಟು ಬನ್ನಿ. ಕಾರಿಗೆ ಹಗುರ, ತಂದೆಯವರಿಗೆ ಕಾಲು ಚಾಚಲು ಜಾಗ. ಬೆಟ್ಟ ಹತ್ತುವವರ ಜೀಪು ಮೇಲಿನಿಂದ ಇಳಿದು ಬರುತ್ತಿದ್ದರೆ ಏರುತ್ತಿರುವ ನಿಮಗೇ ಮೊದಲ ಹಕ್ಕು, ಇಳಿಯುವವರು ನಿಂತು ದಾರಿ ಬಿಡುವುದು ಘಟ್ಟದ ರೂಢಿ. ಹಾಗೆಂದು ಹಟ ಹಿಡಿಯಬೇಡಿ. ಯಾರಿಗೆ ಹತ್ತಿರದಲ್ಲಿ ಅಗಲದ ಜಾಗ ಇದೆಯೋ ಅವರು ಸರಿದರೆ ಆಯಿತು.

ಅರಮನೆ ಬಿಡುವಾಗ ಗಡಿಯಾರ ನೋಡಿ. ಹನ್ನೊಂದೂಕಾಲು ಒಳಗಿದ್ದರೆ ಚೆಲಾವರ ನೋಡಬಹುದು, ದಾಟಿದ್ದರೆ ನೇರ ವಿರಾಜಪೇಟೆ. ಚೆಯ್ಯಂಡಾಣೆಯಿಂದ ಒಳಗೆ ಹೋಗಬೇಕು, ಕಾರು ಬಿಟ್ಟು ತೋಟದ ನಡುವೆ ನಡೆಯಬೇಕು. ಮಂಡಿ ನೋವಿನವರಿಗೆ ಕೆಳಗೆ ಇಳಿಯುವುದು ಕಷ್ಟ, ಮೇಲಿನಿಂದಲೇ ನೋಡಲಿ. ಮಳೆಗಾಲ ಕಳೆದರೂ ನವೆಂಬರಿನಲ್ಲಿ ನೀರು ಚೆನ್ನಾಗಿಯೇ ಇರುತ್ತದೆ. ಕೈಮುಗಿದು ಹೇಳುತ್ತೇನೆ, ಕೆಳಗಿನ ಮಡುವಿಗೆ ಯಾರೂ ಇಳಿಯಬೇಡಿ. ನೋಡಲು ಶಾಂತವಾಗಿರುತ್ತದೆ, ಆಳ ತಿಳಿಯುವುದಿಲ್ಲ, ಬಂಡೆ ಪಾಚಿಗಟ್ಟಿರುತ್ತದೆ. ಈಜು ಬರುವ ಹುಡುಗರೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಹಿಂದಿನ ದಿನ ಮಳೆ ಬಿದ್ದಿದ್ದರೆ ಜಿಗಣೆ ಇರುತ್ತದೆ. ಹತ್ತಿದರೆ ಗಾಬರಿಯಿಂದ ಕೀಳಬೇಡಿ, ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ.

ಚೆಯ್ಯಂಡಾಣೆಯಿಂದ ಕಡಂಗದ ಮೇಲೆ ವಿರಾಜಪೇಟೆಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಹೀಗೆ ಹೋದರೆ ಒಂದು ಗಂಟೆಗೆ ಪೇಟೆಯೊಳಗೆ ಇರುತ್ತೀರಿ. ಉಳಿದ ಅರ್ಧ ಗಂಟೆಯನ್ನು ಯಾವುದಕ್ಕೂ ಖರ್ಚು ಮಾಡದೆ ಕೊನೆಯವರೆಗೆ ಕೈಯಲ್ಲಿ ಇಟ್ಟುಕೊಳ್ಳಿ. ಟಯರ್ ಪಂಕ್ಚರ್ ಆಗುತ್ತದೆ, ಮರದ ಕೊಂಬೆ ಬಿದ್ದಿರುತ್ತದೆ, ದನದ ಮಂದೆ ಅಡ್ಡ ಬರುತ್ತದೆ. ಏನೂ ಆಗದಿದ್ದರೆ ಪೇಟೆಯ ಸಂತ ಅನ್ನಮ್ಮ ಚರ್ಚನ್ನು ನೋಡಿ. ಅದೂ 1792ರದ್ದೇ, ವಿರಾಜಪೇಟೆಯನ್ನು ಕಟ್ಟಿಸಿದ ದೊಡ್ಡ ವೀರರಾಜೇಂದ್ರನ ಕಾಲದ್ದು.

ಇನ್ನು ಗಾಡಿ ಓಡಿಸುವ ವಿಷಯ. ಘಟ್ಟದಲ್ಲಿ ಏರುವುದು ಕಷ್ಟ ಎಂದು ಹೊಸಬರು ಹೆದರುತ್ತಾರೆ. ನಿಜವಾದ ಅಪಾಯ ಇಳಿಯುವಾಗ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದರೆ ಪ್ಯಾಡ್ ಕಾಯುತ್ತದೆ, ಬ್ರೇಕ್ ಎಣ್ಣೆ ಕಾಯುತ್ತದೆ, ಕೊನೆಗೆ ಒತ್ತಿದರೂ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಯಾವ ಗೇರಿನಲ್ಲಿ ಆ ಏರನ್ನು ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವವರಿದ್ದಾರೆ, ಆ ಕೆಲಸಕ್ಕೆ ಹೋಗಲೇಬೇಡಿ. ಸುಟ್ಟ ವಾಸನೆ ಬಂದರೆ ಅಗಲದ ಜಾಗ ನೋಡಿ ನಿಲ್ಲಿಸಿ, ಒಂದು ಕಾಲು ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಸುರಿಯಬೇಡಿ.

ಎದುರು ಕಾಣದ ತಿರುವಿಗೆ ಮೊದಲೇ ಒಂದು ಸಲ ಹಾರ್ನ್ ಹಾಕಿ, ನಿಮ್ಮ ಎಡಬದಿ ಬಿಡಬೇಡಿ. ಮಂಜಿದ್ದರೆ ಲೈಟನ್ನು ತಗ್ಗಿಸಿ. ಎತ್ತರದ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕುವ ಅಭ್ಯಾಸ ಬಹಳ ಜನಕ್ಕೆ ಇದೆ. ಹಾಗೆ ಹಾಕಿದರೆ ಗಾಡಿ ನಿಂತಿದೆಯೋ, ತಿರುಗುತ್ತದೆಯೋ ಹಿಂದಿನವರಿಗೆ ತಿಳಿಯುವುದಿಲ್ಲ. ಗಾಜಿನ ಒಳಗೆ ಹಬೆ ಕಟ್ಟಿದರೆ ಚಳಿ ಎಂದು ಎಸಿ ಆರಿಸಬೇಡಿ, ಅದೇ ಗಾಜನ್ನು ತಿಳಿಗೊಳಿಸುವುದು.

ಮಗಳ ವಾಂತಿಗೆ ಕಾರಣ ಹೊಟ್ಟೆಯಲ್ಲ. ಕಿವಿಯೊಳಗಿನ ಸಮತೋಲನದ ಭಾಗ ಅಲುಗಾಟ ಇದೆ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೋ ಫೋನನ್ನೋ ನೋಡುತ್ತಿರುವ ಕಣ್ಣು ಏನೂ ಅಲುಗಾಡುತ್ತಿಲ್ಲ ಎನ್ನುತ್ತದೆ. ಈ ಎರಡರ ತಿಕ್ಕಾಟವೇ ವಾಂತಿ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ, ಎದುರಿನ ರಸ್ತೆ ಕಾಣುವ ಹಾಗೆ ಕೂರಿಸಿ. ಫೋನ್ ಬೇಡ, ಪುಸ್ತಕ ಬೇಡ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಮಡಿಕೇರಿಯಲ್ಲಿ ನೂಪುಟ್ಟು ಸಿಕ್ಕರೆ ಒಳ್ಳೆಯದು, ಶ್ಯಾವಿಗೆಯಂತೆ ಹಗುರ. ಮಾತ್ರೆ ಕೊಡುವುದಾದರೆ ಹಾಸನದಲ್ಲೇ ನಿಮ್ಮ ವೈದ್ಯರನ್ನು ಕೇಳಿ ತಂದಿರಿ. ಅದನ್ನು ಹೊರಡುವ ಮೊದಲೇ ಕೊಡಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಹೆಚ್ಚು ಉಪಯೋಗ ಇಲ್ಲ. ಇದೆಲ್ಲಕ್ಕಿಂತ ದೊಡ್ಡ ಔಷಧಿ ನಿಮ್ಮ ಕಾಲಿನಲ್ಲಿದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಒತ್ತದೆ, ಹೊರಬರುವಾಗ ನಿಧಾನಕ್ಕೆ ಎಕ್ಸಿಲೇಟರ್ ಕೊಟ್ಟರೆ ಮಗುವಿಗೆ ಅರ್ಧ ತೊಂದರೆ ಕಡಿಮೆ.

ಪೆಟ್ರೋಲ್ ಮಡಿಕೇರಿಯಲ್ಲೇ ತುಂಬಿಸಿ, ಸ್ವಲ್ಪ ನಗದು ಇಟ್ಟುಕೊಳ್ಳಿ. ಕಕ್ಕಬ್ಬೆಯ ಆಚೀಚೆ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಆದರೆ ನಕ್ಷೆ ತೋರಿಸುವ ಅಡ್ಡದಾರಿಯನ್ನು ನಂಬಬೇಡಿ. ಎರಡು ಕಿಲೋಮೀಟರ್ ಉಳಿಸಲು ಅದು ನಿಮ್ಮನ್ನು ಯಾರದೋ ತೋಟದ ಗೇಟಿನ ಮುಂದೆ, ಗಾಡಿ ತಿರುಗಿಸಲಾಗದ ಕಾಂಕ್ರೀಟು ರಸ್ತೆಯಲ್ಲಿ ನಿಲ್ಲಿಸುತ್ತದೆ. ಬಸ್ಸು ಹೋಗುವ ರಸ್ತೆ ಬಿಡಬೇಡಿ. ಕವಲು ಬಂದಾಗ ಅಂಗಡಿಯವರನ್ನು ಮುಂದಿನ ಊರಿನ ಹೆಸರು ಹೇಳಿ ಕೇಳಿ: ಮೂರ್ನಾಡಿನಲ್ಲಿ ನಾಪೋಕ್ಲು ದಾರಿ, ನಾಪೋಕ್ಲಿನಲ್ಲಿ ಕಕ್ಕಬ್ಬೆ ದಾರಿ. ಒಟ್ಟಿಗೆ ವಿರಾಜಪೇಟೆ ಎಂದು ಕೇಳಿದರೆ ಹತ್ತಿರದ ದಾರಿಗೇ ಕಳಿಸುತ್ತಾರೆ.

ಫೋಟೋ ತೆಗೆಯಲು ತಿರುವಿನಲ್ಲಿ ಕಾರು ನಿಲ್ಲಿಸಬೇಡಿ. ಬೇಲಿ ದಾಟಿ ತೋಟಕ್ಕೆ ಇಳಿಯಬೇಡಿ, ಕಾಫಿ ಹಣ್ಣು ಕೀಳಬೇಡಿ, ವರ್ಷಕ್ಕೊಂದೇ ಬೆಳೆ ಅದು. ದಾರಿಬದಿಯಲ್ಲಿ ಕಡಿಯದೆ ಬಿಟ್ಟ ದಟ್ಟ ಮರಗಳ ತುಂಡು ಕಂಡರೆ ಅದು ಹೆಚ್ಚಾಗಿ ದೇವರಕಾಡು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ಇವೆ. ಊರಿನವರೇ ಅಲ್ಲಿ ಕೊಡಲಿ ಹಾಕುವುದಿಲ್ಲ. ತಿಂಡಿಯ ಪೊಟ್ಟಣ, ನೀರಿನ ಬಾಟಲಿ ಕಾರಿನಲ್ಲೇ ಇರಲಿ.

ನೀವು ಬರುವ ತಿಂಗಳು ಒಳ್ಳೆಯದು. ಇದೇ ಪ್ರಶ್ನೆಯನ್ನು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಪ್ರಯಾಣಕ್ಕೆ ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. ಕಾವೇರಿ ಉಕ್ಕಿದರೆ ಮೂರ್ನಾಡು–ನಾಪೋಕ್ಲು ರಸ್ತೆ ಬೊಳಿಬಾಣೆಯಲ್ಲಿ ನೀರಿನಡಿ ಹೋಗುತ್ತದೆ. ಬರೆ, ಅಂದರೆ ರಸ್ತೆ ಬದಿಯ ಗುಡ್ಡ, ಕುಸಿಯುವ ಭಯ ಬೇರೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ, 2019ರಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲೇ ಗುಡ್ಡ ಜಾರಿ ಜೀವಗಳು ಹೋದವು. ನಾವು ಅದನ್ನು ಮರೆತಿಲ್ಲ. ನವೆಂಬರಿನಲ್ಲಿ ಅಷ್ಟು ಭಯ ಇಲ್ಲ, ಆದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಇಲ್ಲೂ ಎರಡು ದಿನ ಮಳೆ ಹಿಡಿಯುತ್ತದೆ. ಹಿಂದಿನ ಸಂಜೆ ಲಾಡ್ಜಿನವರನ್ನು, ವಿರಾಜಪೇಟೆಯ ನೆಂಟರನ್ನು ರಸ್ತೆ ಹೇಗಿದೆ ಎಂದು ಕೇಳಿಬಿಡಿ.

ನೆಂಟರ ಮನೆಯ ಊಟ ಮುಗಿಸಿ ನಾಲ್ಕು, ಹೆಚ್ಚೆಂದರೆ ನಾಲ್ಕೂವರೆಗೆ ಹೊರಡಿ. ನವೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲೆ. ತೋಟಗಳ ನಡುವಿನ ರಸ್ತೆಗೆ ಕತ್ತಲೆ ಇನ್ನೂ ಬೇಗ ಬರುತ್ತದೆ, ಆನೆಗಳು ತೋಟದಿಂದ ತೋಟಕ್ಕೆ ರಸ್ತೆ ದಾಟುವುದೂ ಆ ಹೊತ್ತಿನಲ್ಲೇ. ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆ ಇದು ಹೆಚ್ಚು, ಆದ್ದರಿಂದ ಸಿದ್ದಾಪುರದ ಮೇಲೆ ಸುತ್ತಿ ಬರುವ ಆಸೆ ಬಿಟ್ಟು ಬೇತ್ರಿ, ಮೂರ್ನಾಡಿನ ನೇರ ದಾರಿಯಲ್ಲೇ ಬನ್ನಿ. ಎದುರಿಗೆ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹಾಕಬೇಡಿ, ಲೈಟು ಮಿನುಗಿಸಬೇಡಿ, ಫೋಟೋಗೆಂದು ಇಳಿಯಬೇಡಿ. ಎಂಜಿನ್ ಆರಿಸದೆ, ಹಿಂದೆ ಜಾಗ ಇದ್ದರೆ ಮೆಲ್ಲಗೆ ಹಿಂದಕ್ಕೆ ಸರಿಯಿರಿ. ಒಂದು ಆನೆ ದಾಟಿತೆಂದು ಕೂಡಲೇ ಮುಂದೆ ನುಗ್ಗಬೇಡಿ, ಹಿಂದೆ ಮರಿ ಇರಬಹುದು.